ಕೊನೆಯ ನಾಲ್ಕು ನಿಮಿಷ

ರೆಕಾರ್ಡು ಅಚ್ಚು ಹಾಕುವ ಆ ಕಾರ್ಖಾನೆಯಲ್ಲಿ ನೂರಾ ಹತ್ತು ಜನ ಕೆಲಸಕ್ಕಿದ್ದರು. ನೂರಾ ಒಂಬತ್ತು ಮಂದಿ ಕೈಯಿಂದ ದುಡಿಯುತ್ತಿದ್ದರು, ಒಬ್ಬ ಮಾತ್ರ ಕಿವಿಯಿಂದ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರಿಗೂ ಅವನು ಕಿವಿಯಣ್ಣ. ಅವನಿಗಿಂತ ಹತ್ತು ವರ್ಷ ದೊಡ್ಡವರೂ ಅಣ್ಣ ಅನ್ನುತ್ತಿದ್ದರು, ಅವನೂ ಬೇಡ ಅನ್ನುತ್ತಿರಲಿಲ್ಲ.

ಮೊದಲ ಮಹಡಿಯ ಮೂಲೆಯಲ್ಲಿ ಅವನ ಕೋಣೆ. ಒಂದು ಕುರ್ಚಿ, ಒಂದು ಮೇಜು, ಒಂದು ಪ್ಲೇಯರ್, ಎರಡು ಸ್ಪೀಕರ್. ನಾಲ್ಕೂ ಗೋಡೆಗೆ ದಪ್ಪ ಉಣ್ಣೆಯ ಬಟ್ಟೆ. ಅದನ್ನು ಹೊಲಿದುಕೊಟ್ಟವಳು ಅವನ ಹೆಂಡತಿಯೇ. ಮನೆಯಲ್ಲಿ ಕೂತು ಪರದೆ, ದಿಂಬಿನ ಚೀಲ ಹೊಲಿಯುವುದು ಅವಳ ಕಸುಬು. ಯಾವುದೇ ಹೊಸ ರೆಕಾರ್ಡು ಬರಲಿ, ಸಾಲಾಗಿ ಅಚ್ಚು ಹಾಕುವ ಮೊದಲು ಮೂರು ಮಾದರಿ ತೆಗೆದು ಈ ಕೋಣೆಗೆ ಕಳಿಸುತ್ತಿದ್ದರು. ಇವನು ಎರಡೂ ಬದಿ ಕೂತು ಕೇಳಬೇಕು. ಚಟಪಟ, ಗೀರು, ಗುಂಯ್, ಓಲಾಟ ಎಂದು ನಾಲ್ಕು ಕಾಲಂ ಇರುವ ಹಳದಿ ಚೀಟಿಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ದೋಷ ಗುರುತಿಸಬೇಕು. ದೋಷ ಇಲ್ಲದಿದ್ದರೆ ಚೀಟಿಗೆ ಅಡ್ಡಲಾಗಿ ಒಂದೇ ಪದ: ಶುದ್ಧ. ಆ ಪದ ಬೀಳದೆ ಕೆಳಗಿನ ಪ್ರೆಸ್ಸುಗಳು ಬಾಯಿ ತೆರೆಯುವ ಹಾಗಿರಲಿಲ್ಲ.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಒಮ್ಮೆ ಹಾಡುವವನ ಕುರ್ಚಿಯ ಎಡಗಾಲು ಸಡಿಲವಾಗಿದೆ ಎಂದು ಚೀಟಿಯಲ್ಲಿ ಬರೆದು ಕಳಿಸಿದ. ಸ್ಟುಡಿಯೋದವರು ನಕ್ಕರು, ಕುರ್ಚಿ ಅಲುಗಿಸಿ ನೋಡಿ ಸುಮ್ಮನಾದರು. ಇನ್ನೊಮ್ಮೆ ಚಟಪಟ ಸದ್ದು ಕೇಳಿಯೇ ಮೂರನೇ ಪ್ರೆಸ್ಸಿನ ಆವಿ ಕೊಳವೆ ಸೋರುತ್ತಿದೆ ಅಂದ. ಹೋಗಿ ನೋಡಿದರೆ ನಿಜ. ಇಂಥ ಕತೆಗಳನ್ನು ಊಟದ ಹೊತ್ತಿಗೆ ಬೇರೆಯವರು ಹೇಳುತ್ತಿದ್ದರೆ ಕಿವಿಯಣ್ಣ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ, ಆದರೆ ಊಟ ಮಾತ್ರ ನಿಧಾನವಾಗುತ್ತಿತ್ತು. ಮನುಷ್ಯ ತಾನೇ, ಹೊಗಳಿಕೆ ಯಾರಿಗೆ ಬೇಡ.

ಇಪ್ಪತ್ತನೇ ವರ್ಷದಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವನಿಗೆ ಮನೆಯಲ್ಲಿ ಸುಂಯ್ ಎಂಬ ಸಣ್ಣ ಸದ್ದು ಕೇಳಿಸಿತು. ಫ್ರಿಜ್ಜು ಅಂದುಕೊಂಡು ಅದರ ಪ್ಲಗ್ ಕಿತ್ತ. ನಿಲ್ಲಲಿಲ್ಲ. ಸ್ಟೂಲು ಹತ್ತಿ ಟ್ಯೂಬ್‌ಲೈಟ್ ಬಿಚ್ಚಿ ಕೆಳಗಿಟ್ಟ. ನಿಲ್ಲಲಿಲ್ಲ. ಕೊನೆಗೆ ಮೈನ್ ಸ್ವಿಚ್ಚೇ ಆರಿಸಿದ.

"ಏನ್ರೀ ಇದು, ಮನೆ ಬಿಚ್ಚಿ ಮಾರ್ತೀರಾ?" ಎಂದು ಹೆಂಡತಿ ನಕ್ಕಳು.

"ಸುಂಯ್ ಅಂತಿದೆ, ನಿಂಗೆ ಕೇಳಿಸ್ತಿಲ್ವಾ?"

ಅವಳು ಅವನ ಮುಖ ನೋಡಿದಳು. "ಇಲ್ಲ" ಎಂದಳು. ಅವನು ಎರಡೂ ಕಿವಿಗೆ ಬೆರಳು ಇಟ್ಟುಕೊಂಡ. ಸದ್ದು ಇನ್ನೂ ಜೋರಾಯಿತು. ಟ್ಯೂಬ್‌ಲೈಟನ್ನು ಮತ್ತೆ ಹಾಕಿ, "ಅದೇ ಇರ್ಬೇಕು, ಈಗ ಸರಿಹೋಯ್ತು" ಅಂದ.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ಆದರೆ ಕಾರ್ಖಾನೆಯ ಡಾಕ್ಟರು ಬರೆದದ್ದು ಸಂಜೆಯೊಳಗೆ ಮ್ಯಾನೇಜರ ಮೇಜಿನ ಮೇಲಿರುತ್ತಿತ್ತು. ಕೈಗೆ ಏಟಾದವನನ್ನು ಪ್ಯಾಕಿಂಗಿಗೆ ಹಾಕುತ್ತಾರೆ, ಕಾಲಿಗೆ ಏಟಾದವನನ್ನು ಗೇಟಿಗೆ ಹಾಕುತ್ತಾರೆ. ಕಿವಿ ಹೋದ ಕಿವಿಯಣ್ಣನನ್ನು ಎಲ್ಲಿ ಹಾಕುತ್ತಾರೆ? ಅವನು ಬಾಯಿಗೆ ಬೀಗ ಹಾಕಿಕೊಂಡ. ಕೆಲಸ ಸಾಗಿಸಲು ಒಂದು ಉಪಾಯವನ್ನೂ ಕಂಡುಕೊಂಡ. ರೆಕಾರ್ಡಿನ ಮೇಲಿಂದ ಮುಳ್ಳು ಎತ್ತುವುದು. ಆಗಲೂ ಉಳಿದ ಸದ್ದು ತನ್ನದು. ಮುಳ್ಳು ಇಳಿಸುವುದು, ಆಗ ಹೆಚ್ಚಾದದ್ದು ರೆಕಾರ್ಡಿನದು. ತನ್ನದನ್ನು ಕಳೆದು ಉಳಿದದ್ದನ್ನು ಚೀಟಿಯಲ್ಲಿ ಬರೆಯುವುದು. ಎರಡು ವರ್ಷ ಈ ಉಪಾಯ ಒಮ್ಮೆಯೂ ಕೈಕೊಡಲಿಲ್ಲ. ನನ್ನ ಪ್ರಕಾರ ಅವನ ದುರದೃಷ್ಟ ಅಲ್ಲೇ ಶುರುವಾದದ್ದು, ಎರಡನೇ ದಿನವೇ ಕೈಕೊಟ್ಟಿದ್ದರೆ ಒಳ್ಳೆಯದಿತ್ತು.

ಆಗ ಬಂದಿತು ಬೆಸುಗೆಯವನ ಮಗಳ ರೆಕಾರ್ಡು.

ಅವಳ ಅಪ್ಪ ನೀರಿನ ಟ್ಯಾಂಕು, ಬಾಯ್ಲರು ತಯಾರಿಸುವ ಶೆಡ್ಡಿನಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿದವನು. ಆ ಶೆಡ್ಡು ಮುಚ್ಚುತ್ತದೆ ಎಂದಾಗ ಮಗಳು ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಟೇಪ್ ರೆಕಾರ್ಡರ್ ಹಿಡಿದು ಒಳಗೆ ಹೋದಳು. ಆರು ತಿಂಗಳು ಅಲ್ಲಿಯ ಸಾಣೆ ಚಕ್ರ, ತಗಡು, ಸರಪಳಿ, ಸುತ್ತಿಗೆ ಎಲ್ಲವನ್ನೂ ಟೇಪಿಗೆ ಹಿಡಿದು, ಕತ್ತರಿಸಿ, ಅಂಟಿಸಿ, ತಿರುಗಾಮುರುಗಾ ಓಡಿಸಿ ಒಂದು ರೆಕಾರ್ಡಿಗಾಗುವಷ್ಟು ಮಾಡಿದಳು. 'ಕೊನೆಯ ಪಾಳಿ' ಎಂದು ಹೆಸರಿಟ್ಟಳು. ಅವರ ಮೊದಲ ರೆಕಾರ್ಡು. ರಾಗ ಇಲ್ಲ, ಪಲ್ಲವಿ ಇಲ್ಲ, ಬರೀ ಕಬ್ಬಿಣ. ಒಂದು ಸಣ್ಣ ಕಂಪನಿ ಅದನ್ನು ಕೊಂಡು ನೇರವಾಗಿ ಈ ಕಾರ್ಖಾನೆಗೆ ಕಳಿಸಿತು.

ಕೆಳಗಡೆ ಟೇಪಿನಿಂದ ಮೂಲ ತಟ್ಟೆ ಕೆತ್ತುವವನೊಬ್ಬನಿದ್ದ, ಕಿವಿಯಣ್ಣನ ಹಳೆಯ ಗೆಳೆಯ. ಅವನು ಮಾದರಿಗಳನ್ನು ತಾನೇ ಹೊತ್ತು ತಂದ. "ಇದನ್ನ ನಾನು ಕೆತ್ತಿದ್ನಾ, ಇದು ನನ್ನನ್ನ ಕೆತ್ತಿತಾ ಗೊತ್ತಾಗ್ಲಿಲ್ಲ ಮಾರಾಯ" ಎಂದು ಹಣೆ ಒತ್ತಿಕೊಂಡ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಹಾಂ, ನನ್ನ ಮೆಶಿನ್ನಿನ ಎಳೆ ಹೀರ್ಕೊಳ್ಳೋ ಪಂಪು ಈ ವಾರ ಸ್ವಲ್ಪ ಕೀರಲು ದನಿ ತೆಗೀತಿದೆ. ಬೇರಿಂಗ್ ಒಣಗಿದೆ ಅನ್ಸುತ್ತೆ. ತಟ್ಟೆಗೇನಾದ್ರೂ ಹತ್ತಿದೆಯಾ ನೋಡ್ಕೋ" ಅಂದ. ಕೆತ್ತುವಾಗ ತಟ್ಟೆಯಿಂದ ಏಳುವ ಸಣ್ಣ ಎಳೆಯನ್ನು ಎಳೆದುಕೊಳ್ಳುವ ಪಂಪು ಅದು.

"ಹತ್ತಿದ್ರೆ ಬಿಡ್ತೀನಾ?" ಅಂದ ಕಿವಿಯಣ್ಣ.

ಮುಳ್ಳು ಇಳಿಸಿದ. ಹತ್ತು ನಿಮಿಷದಲ್ಲಿ ಮೊದಲ ಚೀಟಿ ಕೆಂಪಾಯಿತು. ಅರ್ಧ ಗಂಟೆಯಲ್ಲಿ ಐದು ಚೀಟಿ ಮುಗಿದವು, ಪೆನ್ಸಿಲ್ಲಿನ ಮೊನೆ ಎರಡು ಸಲ ಮುರಿಯಿತು. ಎರಡನೇ ಬದಿಯ ಅರ್ಧಕ್ಕೆ ಬಂದವನು ತಲೆ ಕೆಟ್ಟು ಮುಳ್ಳು ಎತ್ತಿಬಿಟ್ಟ. "ಆದಿಯಿಂದ ಅಂತ್ಯದವರೆಗೆ ದೋಷ" ಎಂದು ಬರೆದು ಮ್ಯಾನೇಜರಿಗೆ ಕಳಿಸಿದ. ಅಷ್ಟು ತೃಪ್ತಿಯಿಂದ ಅವನು ಯಾವ ರೆಕಾರ್ಡನ್ನೂ ತಿರಸ್ಕರಿಸಿದವನಲ್ಲ.

ಮರುದಿನ ಬೆಳಿಗ್ಗೆ ಅವಳೇ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಅಪ್ಪನದೇ ಇರಬೇಕು, ಎರಡು ಪಟ್ಟು ದೊಡ್ಡದಾದ ಚರ್ಮದ ಕೋಟು ಹಾಕಿದ್ದಳು. ಐದು ಹಳದಿ ಚೀಟಿಗಳನ್ನು ಇಸ್ಪೀಟ್ ಎಲೆಯ ಹಾಗೆ ಹಿಡಿದಿದ್ದಳು.

"ಸರ್, ನೀವು ತಪ್ಪು ಅಂತ ಬರ್ದಿದೀರಲ್ಲ, ಅದೆಲ್ಲಾ ನಮ್ಮ ಹಾಡು."

"ಹಾಡು ಅಂದ್ರೆ ಹಾಡ್ಬೇಕಲ್ಲಮ್ಮ?"

"ಹಾಡ್ತಾ ಇದೆ. ನೀವು ಕೇಳ್ತಾ ಇಲ್ಲ."

ಕಿವಿಯಣ್ಣನಿಗೆ ಕೇಳಲು ಬರುವುದಿಲ್ಲ ಎಂದು ಹೇಳಿದವರು ಆ ತನಕ ಯಾರೂ ಇರಲಿಲ್ಲ. ಸಿಟ್ಟು ಬರಬೇಕಿತ್ತು, ಬದಲು ಬೆವರು ಬಂತು. ಅವಳು ಕೋಟಿನ ಜೇಬಿನಿಂದ ಒಂದು ಪಟ್ಟಿ ತೆಗೆದಳು. ರಾತ್ರಿಯಿಡೀ ಕೂತು ಬರೆದದ್ದು, ನಲವತ್ತೊಂದು ಸಾಲು. ಎಷ್ಟನೇ ನಿಮಿಷದಲ್ಲಿ ಯಾವ ಸದ್ದು, ಅದು ಎಲ್ಲಿಂದ ಬಂತು. "ಇದರಲ್ಲಿ ಇರೋದು ನಮ್ಮದು, ಇಲ್ಲದ್ದು ನಿಮ್ಮದು" ಅಂದಳು. ಇನ್ನೊಂದು ಕುರ್ಚಿ ತರಿಸಿ ಇಬ್ಬರೂ ಕೂತರು.

"ಇದು ಅಪ್ಪ. ಸಾಣೆ ಹಿಡೀತಿದಾರೆ. ಎಡಗೈ ಬಳಸ್ತಾರೆ, ಅದಕ್ಕೇ ಸದ್ದು ಸ್ವಲ್ಪ ಓಲುತ್ತೆ, ನೋಡಿ." ಕಿವಿಯಣ್ಣ ಕೇಳಿದ. ಓಲುತ್ತಿತ್ತು. ನಿನ್ನೆ ಅದನ್ನೇ ಓಲಾಟದ ಕಾಲಮ್ಮಿಗೆ ಹಾಕಿದ್ದ. "ಇದು ಸರಪಳಿ, ಛಾವಣಿಯಿಂದ ಬಿಡ್ತಿದಾರೆ. ಇದು ತಗಡಿನ ಮೇಲೆ ಅಪ್ಪನ ಬೂಟು." ಒಂದೊಂದೇ ಸಾಲಿಗೆ ಅವನು ಗುರುತು ಹಾಕುತ್ತ ಹೋದ. ಇಪ್ಪತ್ತನೇ ಸಾಲಿನ ಹೊತ್ತಿಗೆ ಅವಳು ಹೇಳುವ ಮೊದಲೇ ಇವನೇ ಹೇಳತೊಡಗಿದ: ಇದು ತುಂಬಿದ ಟ್ಯಾಂಕು, ಇದು ಖಾಲಿ ಟ್ಯಾಂಕು. ಅವಳು ಕಣ್ಣರಳಿಸಿದಳು. ಆ ಒಂದು ಗಂಟೆ ಅವನಿಗೆ ಬದುಕಿನಲ್ಲೇ ಅತ್ಯಂತ ಸುಖದ ಗಂಟೆಯಾಗಿತ್ತು. ಅದನ್ನು ಅವನೇ ಮುಂದೆ ಹೆಂಡತಿಗೆ ಹೇಳಿದ್ದಾನೆ.

ನಲವತ್ತು ಮುಗಿದವು. ಅವಳು ಎದ್ದು ನಿಂತಳು.

"ಕೊನೇದು ನೀವೊಬ್ಬರೇ ಕೇಳಿ. ನನ್ನ ಕೈಲಾಗಲ್ಲ."

ಪಟ್ಟಿಯಲ್ಲಿ ನಲವತ್ತೊಂದನೇ ಸಾಲು ಇಷ್ಟೇ ಇತ್ತು: ಖಾಲಿ ಶೆಡ್ಡು, ನಾಲ್ಕು ನಿಮಿಷ.

ಅವಳು ನಿಂತೇ ಹೇಳಿದಳು. ಶೆಡ್ಡಿನ ಕೊನೆಯ ದಿನ, ಎಲ್ಲ ಯಂತ್ರಗಳೂ ನಿಂತ ಮೇಲೆ, ಅಪ್ಪ ಟೇಪ್ ಓಡಿಸಿಟ್ಟು ಹೊರಗೆ ಹೋಗು ಅಂದರಂತೆ. ಇವಳು ಬಾಗಿಲಾಚೆ ಕಾದಳು. ನಾಲ್ಕು ನಿಮಿಷದ ಮೇಲೆ ಹೊರಗೆ ಬಂದ ಅಪ್ಪ, "ಹೇಳೋದು ಹೇಳಿದೀನಿ, ಆಮೇಲೆ ಕೇಳ್ಕೋ" ಅಂದರಂತೆ. ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅಂಥ ಮನುಷ್ಯ. ಹದಿನೈದು ದಿನದಲ್ಲಿ ಮಲಗಿದಲ್ಲೇ ಹೋಗಿಬಿಟ್ಟರು. ಅವಳು ಆ ಭಾಗವನ್ನು ಕೇಳದೆಯೇ ಟೇಪಿನ ತುದಿಗೆ ಅಂಟಿಸಿ ಕಳಿಸಿದ್ದಳು.

"ಮೈಕಿನ ಮಟ್ಟ ಏರಿಸೋದು ಮರೆತಿದ್ದೆ. ಯಂತ್ರಗಳಿಗೆ ಇಟ್ಟಷ್ಟೇ ಇತ್ತು. ಅಪ್ಪ ಕೇಳಿಸ್ತಾರೋ ಇಲ್ವೋ ಅಂತ ಭಯ. ನೀವು ಕೇಳಿ ಹೇಳಿ ಸರ್. ನಿಮ್ಮಂಥ ಕಿವಿ ಬೇರೆ ಯಾರಿಗೂ ಇಲ್ವಂತೆ."

ಅವಳು ಬಾಗಿಲು ಎಳೆದುಕೊಂಡು ಹೊರಗೆ ಹೋಗಿ ಕಿಟಕಿಯ ಹತ್ತಿರ ನಿಂತಳು. ಕಿವಿಯಣ್ಣ ಮುಳ್ಳು ಇಳಿಸಿದ.

ಅವನಿಗೆ ಕೇಳಿಸಿದ್ದು ಸುಂಯ್. ಎತ್ತಿದ. ಸುಂಯ್. ಇಳಿಸಿದ. ಸುಂಯ್. ತನ್ನದನ್ನು ಕಳೆದ. ಏನೂ ಉಳಿಯಲಿಲ್ಲ. ದನಿ ಏರಿಸಿದ. ಕಣ್ಣು ಮುಚ್ಚಿಕೊಂಡ. ಉಸಿರು ಹಿಡಿದ. ಒಬ್ಬ ಮನುಷ್ಯ ಅಲ್ಲಿ ನಿಂತಿದ್ದಾನೆ, ಏನೋ ಹೇಳಿದ್ದಾನೆ, ಅದು ಗೊತ್ತು. ಮೂರು ಸಲ ನಾಲ್ಕು ನಿಮಿಷ ಕೇಳಿದ. ಮೂರೂ ಸಲ ತನ್ನ ಕಿವಿಯೇ ತನಗೆ ಉತ್ತರ ಕೊಟ್ಟಿತು.

ಕೆತ್ತುವವನನ್ನು ಕರೆಯಬೇಕು ಅನ್ನಿಸಿತು. ಎದ್ದು ಬಾಗಿಲ ತನಕ ಹೋದ. ಬಾಗಿಲಿನ ಗಾಜಿನಲ್ಲಿ ಮ್ಯಾನೇಜರ್ ಕಂಡರು, ಆ ಹುಡುಗಿಯ ಹತ್ತಿರ ನಿಂತು ಏನೋ ಹೇಳುತ್ತಿದ್ದರು, ಕೈ ಇವನ ಕೋಣೆಯ ಕಡೆಗಿತ್ತು. ಹೊಗಳುತ್ತಿದ್ದರು ಅಂತ ಬೇರೆ ಹೇಳಬೇಕೆ. ಕಿವಿಯಣ್ಣನ ಕೈ ಚಿಲಕದ ಮೇಲೇ ನಿಂತಿತು. ಹಿಂದಕ್ಕೆ ಬಂದು ಕೂತು ಚೀಟಿಗೆ ಅಡ್ಡಲಾಗಿ ಶುದ್ಧ ಎಂದು ಬರೆದ. ಅಕ್ಷರ ಎಂದಿನಂತೆ ಗುಂಡಾಗಿಯೇ ಬಂತು.

ಹೊರಗೆ ಬಂದಾಗ ಅವಳು ಓಡಿ ಬಂದಳು. "ಅಪ್ಪ ಕೇಳಿಸ್ತಾರಾ?"

"ಕೇಳಿಸ್ತಾರೆ."

"ಮಾತು?"

"ಮಾತೂ ಕೇಳಿಸುತ್ತಮ್ಮ. ಸ್ಪಷ್ಟವಾಗಿದೆ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಏನಂತ ಹೇಳ್ಬೇಡಿ. ಅಪ್ಪನ ದನೀಲೇ ಕೇಳ್ತೀನಿ. ಸ್ವಲ್ಪ ದಿನ ಹೋಗ್ಲಿ" ಎಂದಳು. ಮ್ಯಾನೇಜರ್ ಅವನ ಬೆನ್ನು ತಟ್ಟಿದರು. ಮಧ್ಯಾಹ್ನಕ್ಕೆ ಪ್ರೆಸ್ಸುಗಳು ಬಾಯಿ ತೆರೆದವು.

ಮೊದಲ ಆರು ತಿಂಗಳು 'ಕೊನೆಯ ಪಾಳಿ'ಯನ್ನು ಕೇಳುವವರೇ ಇರಲಿಲ್ಲ. ಅಂಗಡಿಯವರು ಹಿಂದಕ್ಕೆ ಕಳಿಸಿದ ಪೆಟ್ಟಿಗೆಗಳನ್ನು ಗೋಡೌನಿನ ಬಾಗಿಲಿಗೆ ಒರಗಿಸಿಟ್ಟಿದ್ದರು, ಗಾಳಿಗೆ ಬಡಿಯದಿರಲೆಂದು. ಆಮೇಲೆ ಒಂದು ಸಂಗೀತ ಪತ್ರಿಕೆಯಲ್ಲಿ ಎರಡು ಪುಟದ ಲೇಖನ ಬಂತು. ಕೆತ್ತುವವನು ಊಟದ ಹೊತ್ತಿಗೆ ಜೋರಾಗಿ ಓದಿದ. ಕಬ್ಬಿಣದ ಆರ್ಭಟ ಚೆನ್ನಾಗಿದೆ, ಆದರೆ ಈ ರೆಕಾರ್ಡಿನ ಜೀವ ಇರುವುದು ಕೊನೆಯ ನಾಲ್ಕು ನಿಮಿಷದಲ್ಲಿ ಎಂದು ಲೇಖಕ ಬರೆದಿದ್ದ. ಎಲ್ಲ ಯಂತ್ರಗಳೂ ಸತ್ತ ಮೇಲೆ ಒಂದೇ ಒಂದು ಸೂಜಿಯಂಥ ಕೀರಲು ಸದ್ದು ಉಳಿಯುತ್ತದೆ, ಕರುಣೆಯಿಲ್ಲದೆ, ಅಲುಗದೆ. ಇಷ್ಟು ಧೈರ್ಯ ಯಾವ ಸಂಗೀತಗಾರನೂ ತೋರಿಲ್ಲ.

"ಲೋ, ಇದು ನನ್ನ ಪಂಪು ಕಣೋ!" ಎಂದು ಕೆತ್ತುವವನು ಬಿದ್ದು ಬಿದ್ದು ನಕ್ಕ. ಬೇರಿಂಗಿಗೆ ಅದರ ಮುಂದಿನ ವಾರವೇ ಎಣ್ಣೆ ಬಿಟ್ಟಾಗಿತ್ತು. "ನೀನು ಗಟ್ಟಿಗ ಬಿಡು. ಕೇಳಿ, ಇರ್ಲಿ ಅಂತ ಬಿಟ್ಟೆಯಲ್ಲ!"

ಕಿವಿಯಣ್ಣ ಅರ್ಧ ಉಂಡ ತಟ್ಟೆಯನ್ನು ತೊಳೆಯಲು ಎತ್ತಿಕೊಂಡು ಹೋದ.

ಸಂಜೆ ಒಂದು ರೆಕಾರ್ಡು ಮನೆಗೆ ತಂದು ಹಳೆಯ ಪ್ಲೇಯರಿಗೆ ಹಾಕಿ ಹೆಂಡತಿಯನ್ನು ಕೂರಿಸಿದ. ಮುಳ್ಳು ಇಳಿಸಿದ. "ಏನು ಕೇಳಿಸುತ್ತೆ?"

"ಸುಂಯ್ ಅಂತಿದೆ."

ಎತ್ತಿದ. "ಈಗ?"

"ಈಗೇನಿಲ್ಲ."

ಅವನಿಗೆ ಎರಡರ ನಡುವೆ ಎಳೆಯಷ್ಟೂ ವ್ಯತ್ಯಾಸ ತಿಳಿಯಲಿಲ್ಲ. ಪಂಪಿನ ದನಿಯೂ ಅವನ ಕಿವಿಯ ದನಿಯೂ ಒಂದೇ ಶ್ರುತಿಯಲ್ಲಿದ್ದವು. ಮತ್ತೆ ಇಳಿಸಿ ಕೊನೆಯ ತನಕ ಬಿಟ್ಟ. ಹೆಂಡತಿ ಬಗ್ಗಿ ಕೂತಳು. "ಅದರ ಹಿಂದೆ ಯಾರೋ ಏನೋ ಅಂದ ಹಾಗಾಯ್ತು. ಮಾತು ತಿಳೀಲಿಲ್ಲ."

ಅವನು ಎಲ್ಲ ಹೇಳಿದ. ಅವಳು ಆಶ್ಚರ್ಯ ಪಡಲಿಲ್ಲ. "ನೀವು ಟ್ಯೂಬ್‌ಲೈಟ್ ಬಿಚ್ಚಿದ ದಿನಾನೇ ನಂಗೆ ಗೊತ್ತಾಯ್ತು" ಅಂದಳು. "ನೀವಾಗೇ ಹೇಳ್ಲಿ ಅಂತ ಕಾದೆ. ಕಾದದ್ದು ನನ್ನ ತಪ್ಪು. ಹೋಗಿ ಆ ಹುಡುಗಿಗೆ ಹೇಳ್ಬಿಡಿ."

ಹೇಳುವ ದಿನ ತಾನಾಗಿಯೇ ಬಂತು. ಹುಡುಗಿ ಕೊನೆಗೂ ಧೈರ್ಯ ಮಾಡಿ ಕೇಳಿದ್ದಳು. ಸ್ಪೀಕರಿಗೆ ಕಿವಿ ಹಚ್ಚಿ, ಹೆಡ್‌ಫೋನ್ ಹಾಕಿ, ನಾಲ್ಕು ಪ್ಲೇಯರ್ ಬದಲಾಯಿಸಿ ಕೇಳಿದ್ದಳು. ಅದೇ ಕೋಟು ಹಾಕಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತಳು. ಕಿವಿಯಣ್ಣ ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

"ತಪ್ಪು ನಂದೇ ಅಣ್ಣ. ಆ ಸದ್ದು ನಮ್ಮದಲ್ಲ ಅಂತ ನಿಮಗೆ ಹೇಗೆ ಗೊತ್ತಾಗ್ಬೇಕು? ಇಡೀ ರೆಕಾರ್ಡೇ ಅಂಥದ್ದು. ಮೌನ ಇರ್ಬೇಕು ಅಂತ ನಾನು ಪಟ್ಟಿಯಲ್ಲಿ ಬರೀಬೇಕಿತ್ತು, ಬರೀಲಿಲ್ಲ."

"ಅಮ್ಮಾ, ನಾನು..."

"ನೀವು ಅದರ ಒಳಗಿಂದಾನೂ ಅಪ್ಪನ್ನ ಕೇಳಿಸ್ಕೊಂಡ್ರಿ. ನಿಮ್ಮ ಕಿವಿ ಅಂಥದ್ದು. ಬೇರೆ ಯಾರಿಗೂ ಕೇಳಿಸ್ತಿಲ್ಲ, ನಂಗೂ ಇಲ್ಲ." ಅವಳು ನಗಲು ನೋಡಿದಳು. "ಪ್ರಪಂಚದಲ್ಲಿ ಒಬ್ಬರಾದ್ರೂ ಕೇಳಿದಾರಲ್ಲ ಅಂತ ಅಂದ್ಕೊಂಡು ಮಲಗ್ತೀನಿ. ಇಲ್ದಿದ್ರೆ ನಿದ್ದೆ ಬರಲ್ಲ."

ಇದನ್ನು ಕೇಳಿದ ಮೇಲೆ ಯಾರು ತಾನೇ ಹೇಳುತ್ತಾರೆ? ನಾನಾಗಿದ್ದರೂ ಹೇಳುತ್ತಿರಲಿಲ್ಲ, ಪ್ರಾಮಾಣಿಕವಾಗಿ ಹೇಳುತ್ತೇನೆ. ಕಿವಿಯಣ್ಣ ಪೆನ್ಸಿಲ್ ಹೊರಳಿಸುತ್ತ ಕೂತ. ಅಪ್ಪ ಏನಂದರು ಎಂದು ಈಗಲಾದರೂ ಕೇಳಿಬಿಟ್ಟರೆ ಏನು ಗತಿ ಎಂಬ ಭಯ ಅವನಿಗೆ. ಅವಳು ಕೇಳಲಿಲ್ಲ. ಮೂಲ ಟೇಪು ಕಂಪನಿಯ ಬೀರುವಿನಲ್ಲಿದೆಯಲ್ಲ, ಅದನ್ನು ತರಿಸಿ ಅಪ್ಪನ ದನಿಯಲ್ಲೇ ಕೇಳುತ್ತೇನೆ ಎಂಬ ಹಟ ಅವಳದು. ಪಂಪಿನ ಸದ್ದಿಲ್ಲದೆ ತಟ್ಟೆಯನ್ನು ಹೊಸದಾಗಿ ಕೆತ್ತಿಸಿ ಎಂದು ಕೇಳಲು ಇಬ್ಬರೂ ಜೊತೆಯಾಗಿ ಮ್ಯಾನೇಜರ ಹತ್ತಿರ ಹೋದರು. ಮ್ಯಾನೇಜರ್ ಕಂಪನಿಯವನಿಗೆ ಫೋನ್ ಮಾಡಿದರು. ಕಂಪನಿಯವನು ಫೋನಿನಲ್ಲೇ ಹೌಹಾರಿದ. ಜನ ಕೊಳ್ಳುತ್ತಿರುವುದೇ ಆ ಸದ್ದಿಗೆ, ಅದನ್ನು ತೆಗೆಯುತ್ತಾರಂತೆ! ಟೇಪು? ಭದ್ರವಾಗಿದೆ, ಬರೆದುಕೊಟ್ಟ ಕಾಗದದ ಪ್ರಕಾರ ಅದು ಕಂಪನಿಯ ಸ್ವತ್ತು, ಸಮಯ ಬಂದಾಗ ನೋಡೋಣ. ಹುಡುಗಿ ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು.

ಮೂರು ತಿಂಗಳಲ್ಲಿ ಕಿವಿಯಣ್ಣ ಕೆಲಸ ಬಿಟ್ಟ. ಬಿಡುವ ದಿನ ಮ್ಯಾನೇಜರಿಗೆ ಕಿವಿಯ ವಿಷಯ ಹೇಳಿಯೇ ಹೇಳಿದ. ಅವರು ಬಾಗಿಲು ಹಾಕಿ ಬಂದು, "ಹೊರಗೆ ಯಾರ ಹತ್ರಾನೂ ಬಾಯಿಬಿಡ್ಬೇಡ. ಎರಡು ಮೂರು ವರ್ಷದ ಮಾಲೆಲ್ಲಾ ಅನುಮಾನಕ್ಕೆ ಬೀಳುತ್ತೆ" ಎಂದರು. ಹೋಗಲಿ, ತಪ್ಪನ್ನು ಒಪ್ಪಿಕೊಳ್ಳೋಣ ಅಂದರೆ ಒಪ್ಪಿಸಿಕೊಳ್ಳುವವರೂ ಇಲ್ಲ. ಬೀಳ್ಕೊಡುವಾಗ ಚೌಕಟ್ಟು ಹಾಕಿದ ಹಳದಿ ಚೀಟಿಯೊಂದನ್ನು ಕೊಟ್ಟರು. 'ಕೊನೆಯ ಪಾಳಿ'ಗೆ ಅವನೇ ಬರೆದ ಚೀಟಿ. ಅವನು ಅದನ್ನು ಮನೆಗೆ ತಂದು ಕಪಾಟಿನ ಹಿಂದೆ, ಗೋಡೆಗೆ ಮುಖ ಮಾಡಿ ಇಟ್ಟ. ಮನೆ ಬದಲಾಯಿಸಿದ, ಅಲ್ಲೂ ಅದನ್ನು ಹಾಗೇ ಇಟ್ಟ. ಹೊಸ ವಿಳಾಸ ಕೆತ್ತುವವನಿಗೆ ಬಿಟ್ಟು ಯಾರಿಗೂ ಕೊಡಲಿಲ್ಲ. ಹೆಂಡತಿ ಹೊಲಿದ ಪರದೆಗಳನ್ನು ಮನೆಮನೆಗೆ ಹೊತ್ತು ಹೋಗಿ ಕಿಟಕಿಗೆ ತೂಗುಹಾಕುವ ಕೆಲಸ ಹಿಡಿದ.

ಅವನು ಓಡಿದರೂ ಸದ್ದು ಓಡಲಿಲ್ಲ. ವರ್ಷ ಕಳೆದಂತೆ 'ಕೊನೆಯ ಪಾಳಿ' ದೊಡ್ಡದಾಗುತ್ತ ಹೋಯಿತು. ಅದನ್ನು ಕೇಳಿ ಹತ್ತಾರು ತಂಡ ಹುಟ್ಟಿದವು, ಎಲ್ಲರೂ ತಮ್ಮ ಹಾಡಿನ ಕೊನೆಗೆ ಕೀರಲು ಸದ್ದು ಹಾಕುವವರೇ. ಅಂಗಡಿಯಲ್ಲಿ, ಬಸ್ಸಿನಲ್ಲಿ ಯಾರದೋ ಫೋನಿನಲ್ಲಿ, ಒಮ್ಮೆ ಟಿವಿಯ ಜಾಹೀರಾತಿನಲ್ಲೂ ಅದೇ ಸದ್ದು. ಒಬ್ಬಳ ಮನೆಯಲ್ಲಿ ಪರದೆ ಹಾಕುತ್ತಿದ್ದಾಗ ಕಿವಿಯಣ್ಣ ಏಣಿಯ ಮೇಲೇ ನಿಂತು, "ಏನಾದ್ರೂ ಹಾಕಿದೀರಾ?" ಎಂದು ಕೇಳಿದ. "ಇಲ್ವಲ್ಲ" ಎಂದಳಾಕೆ. ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಕೇಳುವುದನ್ನೇ ಅವನು ಬಿಟ್ಟುಬಿಟ್ಟ. ಬೆಸುಗೆಯವನ ಮಗಳು ಇನ್ನೂ ಆರು ರೆಕಾರ್ಡು ಮಾಡಿದಳು. ಜನ ಮಾತಾಡಿದ್ದು ಮೊದಲನೆಯದರ ಬಗ್ಗೆಯೇ. ಒಂದು ಸಂದರ್ಶನವನ್ನು ಹೆಂಡತಿ ಅವನಿಗೆ ಓದಿ ಹೇಳಿದಳು, ಆ ಹೊತ್ತಿಗೆ ಅವಳು ಹತ್ತಿರ ಕೂತು ಜೋರಾಗಿ ಓದಬೇಕಾಗಿತ್ತು. ಆ ನಾಲ್ಕು ನಿಮಿಷದ ಹಿಂದೆ ನನ್ನ ಅಪ್ಪ ಇದ್ದಾರೆ, ಒಬ್ಬರು ಮಾತ್ರ ಅವರನ್ನು ಕೇಳಿದ್ದಾರೆ ಎಂದು ಬೆಸುಗೆಯವನ ಮಗಳು ಅದರಲ್ಲಿ ಹೇಳಿದ್ದಳು. ಹೆಂಡತಿ ಪತ್ರಿಕೆ ಮಡಚಿಟ್ಟು ಒಳಗೆ ಹೋದಳು.

ಇಪ್ಪತ್ತೆರಡು ವರ್ಷದ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಬೆಸುಗೆಯವನ ಮಗಳು ಬಾಗಿಲು ತಟ್ಟಿದಳು. ಕೆತ್ತುವವನ ಸೊಸೆಯಿಂದ ವಿಳಾಸ ಸಿಕ್ಕಿತಂತೆ. ತಲೆ ಅರ್ಧ ನರೆತಿತ್ತು. ಕೋಟು ಇರಲಿಲ್ಲ. ಕೈಯಲ್ಲಿ ತಗಡಿನ ಚಪ್ಪಟೆ ಡಬ್ಬಿಯಿತ್ತು.

ಹೆಂಡತಿ ಕುರ್ಚಿ ಎಳೆದುಕೊಟ್ಟಳು. ಬಂದವಳು ಕಿವಿಯಣ್ಣನ ಎಡಗಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಮಾತಾಡಿದಳು. ವಯಸ್ಸಾದವರ ಹತ್ತಿರ ಎಲ್ಲರೂ ಹಾಗೇ ಮಾತಾಡುತ್ತಾರೆ, ಅವಳಿಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

"ಟೇಪು ಸಿಕ್ತು ಅಣ್ಣ. ಕೊನೆಗೂ ಕೊಟ್ರು." ಡಬ್ಬಿಯ ಮುಚ್ಚಳ ತೆಗೆದಳು. ಸುರುಳಿಯ ಅಂಚಿನಲ್ಲಿ ಕಂದು ಪುಡಿ ಉದುರಿತ್ತು. "ಭದ್ರವಾಗಿದೆ ಅಂತಿದ್ರಲ್ಲ, ನೀರಿನ ಪೈಪಿನ ಕೆಳಗಿಟ್ಟಿದ್ರಂತೆ. ಮೊದಲ ಭಾಗ ಬರುತ್ತೆ. ಕೊನೇ ಸುತ್ತು ಪೂರ್ತಿ ಹೋಗಿದೆ. ಬೋಳು ಪಟ್ಟಿ ಅಷ್ಟೇ."

ಅವಳು ಬೆರಳಿಗೆ ಹತ್ತಿದ ಪುಡಿಯನ್ನು ಒರೆಸಿಕೊಳ್ಳಲಿಲ್ಲ, ನೋಡುತ್ತ ಕೂತಳು. ರೆಕಾರ್ಡಿನಿಂದ ಆ ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆಸಲು ನೋಡಿದ್ದಳಂತೆ, ಸದ್ದು ಹೋದಾಗ ಅಪ್ಪನೂ ಹೋದರು, ಉಸಿರಿನಂಥದ್ದೇನೋ ಒಂದಿಷ್ಟು ಉಳಿಯಿತು.

"ಅಪ್ಪನ ದನೀಲೇ ಕೇಳ್ಬೇಕು ಅಂತ ಹಟ ಹಿಡಿದು ಕೂತೆ. ಮೂರ್ಖತನ. ಈಗ ನೀವೊಬ್ಬರೇ ಇರೋದು." ಅವಳು ಅವನ ಎರಡೂ ಕೈ ಹಿಡಿದುಕೊಂಡಳು. "ಹೇಳಿ ಅಣ್ಣ. ಅಪ್ಪ ಏನಂದ್ರು?"

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಕಾಲು ನಿಲ್ಲಿಸಿದಳು.

ಕಿವಿಯಣ್ಣನ ನಾಲಿಗೆಯ ಮೇಲೆ ಮಾತುಗಳು ಬಂದವು. ಒಬ್ಬ ಅಪ್ಪ ಮಗಳಿಗೆ ಹೇಳಬಹುದಾದ ಮಾತು ಎಷ್ಟಿರುತ್ತದೆ? ನೀನು ನನ್ನ ಹೆಮ್ಮೆ ಅನ್ನಬಹುದು. ಹುಷಾರಾಗಿರು ಮಗಳೇ ಅನ್ನಬಹುದು. ಯಾವುದನ್ನು ಕೊಟ್ಟರೂ ಅವಳು ಬಾಚಿಕೊಂಡು ಎದೆಗೆ ಒತ್ತಿಕೊಳ್ಳುತ್ತಾಳೆ, ಸಾಯುವ ತನಕ ನಂಬುತ್ತಾಳೆ, ಸಿಕ್ಕಿಬೀಳುವ ಭಯವೂ ಇಲ್ಲ. ಅವನು ಬಾಯಿ ತೆರೆದ. ಆ ಬೂಟಿನ ಸದ್ದು ನೆನಪಾಯಿತು, ಎಡಗೈಯ ಸಾಣೆಯ ಓಲಾಟ ನೆನಪಾಯಿತು. ದಿನಕ್ಕೆ ಹತ್ತು ಮಾತೂ ಆಡದ ಆ ಮನುಷ್ಯ ಮೂವತ್ತು ವರ್ಷದ ಕೊನೆಗೆ ಖಾಲಿ ಶೆಡ್ಡಿನಲ್ಲಿ ನಿಂತು ತನ್ನದೇ ಒಂದು ಮಾತು ಹೇಳಿದ್ದ. ಅದರ ಜಾಗದಲ್ಲಿ ತನ್ನದೊಂದನ್ನು ಇಡಲು ಅವನಿಂದ ಆಗಲಿಲ್ಲ. ಪಂಪು ಒಮ್ಮೆ ಇಟ್ಟದ್ದು ಸಾಕು.

"ನಂಗೆ ಕೇಳಿಸ್ಲಿಲ್ಲಮ್ಮ" ಅಂದ.

"ಏನು?"

"ಅವತ್ತೇ ಕೇಳಿಸಿರ್ಲಿಲ್ಲ. ಪಂಪಿನ ಸದ್ದೂ ಕೇಳಿಸ್ಲಿಲ್ಲ, ನಿಮ್ಮಪ್ಪನೂ ಕೇಳಿಸ್ಲಿಲ್ಲ. ನನ್ನ ಕಿವಿ ಅದಕ್ಕೂ ಎರಡು ವರ್ಷ ಮುಂಚೇನೇ ಹೋಗಿತ್ತು. ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳ್ದೆ."

ಅವಳು ಕೈ ಬಿಡಲಿಲ್ಲ, ಹಿಡಿದಿರುವುದೇ ಮರೆತಂತಿತ್ತು. "ಏನೇನೂ?"

"ಏನೂ."

"ಒಂದು ಅಕ್ಷರ? ದನಿ ಗಡುಸಾಗಿತ್ತಾ, ಮೆತ್ತಗಿತ್ತಾ, ಅಷ್ಟಾದ್ರೂ?"

ಅವನು ತಲೆಯಾಡಿಸಿದ. ಕಣ್ಣೀರು ಗಲ್ಲದ ತನಕ ಇಳಿದದ್ದು ಅವನಿಗೆ ಗೊತ್ತಾಗಲಿಲ್ಲ. ಹೆಂಡತಿ ಎದ್ದು ಕಪಾಟಿನ ಹಿಂದಿನಿಂದ ಆ ಚೌಕಟ್ಟನ್ನು ತೆಗೆದಳು, ಧೂಳು ಒರೆಸಿ ಮೇಜಿನ ಮೇಲೆ ಇಟ್ಟಳು. ಯಾಕೆ ಹಾಗೆ ಮಾಡಿದಳೋ ಅವಳಿಗೂ ಗೊತ್ತಿರಲಿಲ್ಲ, ಬಹುಶಃ ಮನೆಯಲ್ಲಿ ಕೊಡಲು ಇದ್ದದ್ದು ಅದೊಂದೇ. ಬೆಸುಗೆಯವನ ಮಗಳು ಅದರ ಮೇಲಿದ್ದ ಒಂದೇ ಪದವನ್ನು ಬಹಳ ಹೊತ್ತು ಓದಿದಳು.

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಮತ್ತೆ ಹಾಕಿದಳು.

"ಆ ಸದ್ದು ಈಗಲೂ ಇದೆಯಾ ನಿಮಗೆ?"

"ಇದೆ."

"ಹೇಗಿದೆ?"

"ನಿಮ್ಮ ರೆಕಾರ್ಡಿನಲ್ಲಿರೋ ಹಾಗೇ."

ಅವಳು ತಲೆದೂಗಿ ಎದ್ದಳು. ಬಾಗಿಲಲ್ಲಿ ನಿಂತು ಏನೋ ಒಂದು ಮಾತು ಹೇಳಿದಳು, ಈ ಸಲ ಮೆಲ್ಲಗೆ. ಕಿವಿಯಣ್ಣ ಅವಳ ತುಟಿ ಅಲುಗಿದ್ದನ್ನು ನೋಡಿದ. ಅವಳು ಮೆಟ್ಟಿಲು ಇಳಿದುಹೋದ ಮೇಲೆ ಹೆಂಡತಿಯ ಕಡೆ ತಿರುಗಿ ಏನಂದಳು ಎಂದು ಕೇಳಿದ. ಅವಳು ಆಗಲೇ ಹೊಲಿಗೆ ಯಂತ್ರದ ಹತ್ತಿರ, ಕೋಣೆಯ ಆ ತುದಿಗೆ ಹೋಗಿದ್ದಳು, ಅವಳಿಗೂ ಕೇಳಿಸಿರಲಿಲ್ಲ.